ಕೆಸರು ಉಣ್ಣುವ ಹೊತ್ತು

ಮುಂಡಲಕುರ್ವೆಯ ಫೋನ್ ಟವರು ಕೆಸರಿನ ಕರೆಂಟಿನಿಂದ ನಡೆಯುತ್ತಿತ್ತು. ಹೊರಗಿನಿಂದ ಬಂದವರಿಗೆ ಹೇಳಿದರೆ ನಗುತ್ತಿದ್ದರು. ಆಮೇಲೆ ಟವರಿನ ಬುಡದಿಂದ ಗುಡ್ಡ ಇಳಿದು ನದಿಯೊಳಗೆ ಮಾಯವಾಗುವ ಹೆಬ್ಬೆರಳು ಗಾತ್ರದ ಕಪ್ಪು ಕೇಬಲ್ ನೋಡಿ ನಗು ನಿಲ್ಲಿಸುತ್ತಿದ್ದರು.

ಕುರ್ವೆಯೆಂದರೆ ನದಿಯ ನಡುವಿನ ದ್ವೀಪ. ಉತ್ತರ ಕನ್ನಡದ ಕರಾವಳಿಯ ಈ ಕುರ್ವೆಯಲ್ಲಿ ನೂರಾ ಹತ್ತು ಮನೆ, ಹೆಚ್ಚಿನವು ಅಂಬಿಗರವು. ಪಶ್ಚಿಮಕ್ಕೆ ಒಂದೂವರೆ ಮೈಲಿ ಹೋದರೆ ನದಿ ಸಮುದ್ರ ಸೇರುವ ಅಳಿವೆ. ಗಂಡಸರು ಆ ಅಳಿವೆ ದಾಟಿ ಮೀನಿಗೆ ಹೋಗುತ್ತಾರೆ. ಹೆಂಗಸರು ಇಳಿತದ ಹೊತ್ತಿಗೆ, ನೀರು ಸರಿದು ಕೆಸರು ಬಯಲು ಮೇಲೆ ಕಂಡಾಗ, ಅದರಲ್ಲಿ ಹೂತುಕೊಂಡಿರುವ ಬೆಳಚು ಎಂಬ ಚಿಪ್ಪಿನ ಜೀವಿಯನ್ನು ಅಗೆದು ತರುತ್ತಾರೆ. ಅರ್ಧ ಊರು ಉಣ್ಣುವುದು ಅದರಿಂದ.

ಟವರಿಗೆ ಕರೆಂಟಿನ ಕಷ್ಟ ಮೊದಲಿನಿಂದಲೂ ಇತ್ತು. ನದಿಯ ಮೇಲೆ ಎಳೆದ ತಂತಿಯಲ್ಲಿ ಬರುವ ವಿದ್ಯುತ್ತು ಒಮ್ಮೆ ನೂರ ನಲವತ್ತು ವೋಲ್ಟಿಗೆ ಕುಸಿದರೆ ಮತ್ತೊಮ್ಮೆ ಇನ್ನೂರ ಎಪ್ಪತ್ತಕ್ಕೆ ನೆಗೆಯುತ್ತಿತ್ತು. ಮನೆಯ ಬಲ್ಬು ಇದನ್ನು ಹೇಗೋ ತಾಳಿಕೊಳ್ಳುತ್ತದೆ. ಟವರಿನ ರೇಡಿಯೋ ಯಂತ್ರ ತಾಳುವುದಿಲ್ಲ. ಅದಕ್ಕೆ ನಲವತ್ತೆಂಟು ವೋಲ್ಟಿನ ಆಸುಪಾಸಿನಲ್ಲಿ ಕದಲದೆ ನಿಲ್ಲುವ ವಿದ್ಯುತ್ತೇ ಬೇಕು. ಎರಡು ಸಲ ಯಂತ್ರ ಸುಟ್ಟುಹೋಯಿತು. ಸೋಲಾರ್ ಫಲಕ ಹಾಕಿದರು, ಜೂನ್ ತಿಂಗಳ ಗಾಳಿ ಅವನ್ನು ಕಿತ್ತು ನದಿಗೆಸೆಯಿತು. ಜನರೇಟರಿಗೆ ಡೀಸೆಲ್ ದೋಣಿಯಲ್ಲಿ ಬರಬೇಕು, ಬಿರುಗಾಳಿಯಲ್ಲಿ ದೋಣಿ ಬರುವುದಿಲ್ಲ. ಹೀಗಾಗಿ ಫೋನು ತೀರಾ ಬೇಕಾದ ದಿನವೇ ಟವರು ಸತ್ತಿರುತ್ತಿತ್ತು.

ಆಗ ಬಂದವಳು ವೈಜಯಂತಿ ಬಾಳಿಕಾಯಿ. ಹುಬ್ಬಳ್ಳಿಯವಳು. ಟವರ್ ನಡೆಸುವ ಕಂಪನಿಯ ವಿದ್ಯುತ್ ವಿಭಾಗದಲ್ಲಿ ಎಂಜಿನಿಯರ್. ಮೂವತ್ತೆಂಟರ ಹೆಂಗಸು, ಕೆಸರು ಕಂಡರೆ ಸೀರೆ ಎತ್ತಿಕೊಂಡು ದೂರ ನಿಲ್ಲುವವಳು. ಆದರೆ ಹತ್ತು ವರ್ಷದಿಂದ ಅವಳ ತಲೆಯಲ್ಲಿ ಇದ್ದದ್ದು ಕೆಸರೇ.

ಕೆಸರಿನ ಆಳದಲ್ಲಿ ಗಾಳಿ ಇಲ್ಲ. ಅಲ್ಲಿ ಬದುಕುವ ಸೂಕ್ಷ್ಮಾಣುಗಳು ಕೊಳೆತ ಎಲೆ, ಸತ್ತ ಹುಳು ತಿಂದು ಜೀರ್ಣಿಸಿಕೊಂಡ ಮೇಲೆ ಉಳಿಯುವ ಎಲೆಕ್ಟ್ರಾನುಗಳನ್ನು ಎಲ್ಲಾದರೂ ಇಳಿಸಲೇಬೇಕು. ನಾವು ಅದಕ್ಕೆ ಉಸಿರಿನ ಆಮ್ಲಜನಕ ಬಳಸುತ್ತೇವೆ. ಅವುಗಳಿಗೆ ಅದು ಸಿಗುವುದಿಲ್ಲ, ಪಕ್ಕದ ಕಬ್ಬಿಣದ ಕಣವನ್ನು ಹುಡುಕುತ್ತವೆ. ವೈಜಯಂತಿ ಅವುಗಳ ಪಕ್ಕಕ್ಕೆ ಇಂಗಾಲದ ಎಳೆಯಿಂದ ನೇಯ್ದ ಕಂಬಳಿಗಳನ್ನು ಹೂತಿಟ್ಟಳು. ಸೂಕ್ಷ್ಮಾಣುಗಳು ತಮ್ಮ ಹೊರೆಯನ್ನು ಕಂಬಳಿಗೆ ಇಳಿಸಿದವು. ಕಂಬಳಿಗೆ ತಂತಿ ಕಟ್ಟಿ, ಇನ್ನೊಂದು ತುದಿಯನ್ನು ಇಳಿತದಲ್ಲೂ ಬತ್ತದ ನದಿಯ ನೀರಿನಲ್ಲಿ ಬಿಟ್ಟರೆ ವಿದ್ಯುತ್ತು ಹರಿಯಿತು. ಒಂದು ಕಂಬಳಿಯಿಂದ ಬರುವುದು ಅರ್ಧ ವೋಲ್ಟು. ಅವಳು ಇನ್ನೂರ ನಲವತ್ತು ಕಂಬಳಿಗಳನ್ನು ಮೊಳದಾಳದಲ್ಲಿ ಹೂಳಿಸಿದಳು. ಬಂದದ್ದೆಲ್ಲ ಗುಡ್ಡದ ಮೇಲಿನ ಬ್ಯಾಟರಿಗಳಲ್ಲಿ ತುಂಬಿ, ಅಲ್ಲಿಂದ ಸಮನಾಗಿ ಟವರಿಗೆ ಹೋಗುತ್ತಿತ್ತು.

ಅಕ್ಟೋಬರಿನಲ್ಲಿ ಶುರುವಾದದ್ದು ಒಂದು ದಿನವೂ ನಿಲ್ಲಲಿಲ್ಲ. ಡಿಸೆಂಬರಿನಲ್ಲಿ ಕಂಪನಿಯವರು ಇನ್ನು ಇದರ ಹಂಗೇ ಬೇಡವೆಂದು ಜನರೇಟರನ್ನು ಬಿಚ್ಚಿ ಬೇರೆ ಊರಿಗೆ ಸಾಗಿಸಿದರು.

ಫೆಬ್ರವರಿಯ ಒಂದು ಬೆಳಗ್ಗೆ ಹುಬ್ಬಳ್ಳಿಯ ಕಂಟ್ರೋಲ್ ರೂಮಿನಲ್ಲಿ ಕಲ್ಮೇಶ ತನ್ನ ಪರದೆಯನ್ನು ವೈಜಯಂತಿಯ ಕಡೆ ತಿರುಗಿಸಿದ. ಎಪ್ಪತ್ತು ಟವರುಗಳ ವೋಲ್ಟೇಜು ಕಾಯುವುದು ಅವನ ಕೆಲಸ.

"ಮೇಡಂ, ಕುರ್ವ್ಯಾಗ ಯಾರೋ ಕರೆಂಟ್ ಕದಿಯಾಕತ್ತಾರ್ರಿ."

"ಕೆಸರಿನಾಗಿಂದ ಯಾರು ಕದೀತಾರಪ್ಪ?"

"ನೋಡ್ರಿಲ್ಲೆ. ಮೊನ್ನೆ ಎಂಟೂ ನಲವತ್ತಕ್ಕ ಬಿತ್ತು, ಎರಡು ತಾಸಿಗೆ ಎದ್ದಿತು. ನಿನ್ನೆ ಒಂಬತ್ತೂವರಿಗೆ. ಇವತ್ತ ಹತ್ತೂ ಇಪ್ಪತ್ತಕ್ಕ. ಕಳ್ಳ ದಿನಾ ಐವತ್ತು ನಿಮಿಷ ತಡಾ ಮಾಡಿ ಬರ್ತಾನ್ರಿ."

ವೈಜಯಂತಿ ಕುರ್ಚಿ ಎಳೆದುಕೊಂಡು ಕೂತಳು. "ದಿನಾ ಐವತ್ತು ನಿಮಿಷ ತಡಾ ಮಾಡಾವ ಒಬ್ಬನ ಇದ್ದಾನ, ಕಲ್ಮೇಶ."

"ಯಾರ್ರಿ?"

"ಚಂದ್ರ. ಸಮುದ್ರದ ಇಳಿತ ಅವನ ಲೆಕ್ಕದಾಗ ನಡೀತೈತಿ."

"ಹಂಗಂದ್ರ ಇಳಿತ ದಿವಸಕ್ಕ ಎರಡು ಸಲ ಬರಬೇಕಲ್ಲರಿ? ಈತ ಹಗಲ ಅಷ್ಟ ಬರ್ತಾನ. ಮತ್ತ ಹನ್ನೊಂದನೇ ತಾರೀಕು ಬಂದೇ ಇಲ್ಲ."

ವೈಜಯಂತಿ ಪರದೆಯ ಅಂಕಿಗಳನ್ನು ಬರೆದುಕೊಂಡಳು. ಮರುದಿನವೇ ಬಸ್ಸು ಹತ್ತಿದಳು.

ದೋಣಿಯಿಂದ ಕುರ್ವೆಗೆ ಇಳಿಯುವಾಗಲೇ ಉತ್ತರ ಕಣ್ಣೆದುರಿಗಿತ್ತು. ನೀರು ಸರಿದಿತ್ತು. ಕಂಬಳಿ ಹೂತ ಬಯಲಿನಲ್ಲಿ ನಲವತ್ತು ಹೆಂಗಸರು ಬಗ್ಗಿ, ಬಾಗಿದ ಕಬ್ಬಿಣದ ಪಟ್ಟಿಯಿಂದ ಕೆಸರು ಕೆದಕುತ್ತಿದ್ದರು. ಕೆದಕಿದಲ್ಲೆಲ್ಲ ಗಾಳಿ ಒಳಗೆ ಹೋಗುತ್ತಿತ್ತು. ಗಾಳಿ ಸಿಕ್ಕ ಸೂಕ್ಷ್ಮಾಣುವಿಗೆ ಕಂಬಳಿಯ ಗೊಡವೆ ಯಾಕೆ?

"ಹನ್ನೊಂದನೇ ತಾರೀಕು ನೀವು ಯಾರೂ ಬಂದಿರಲಿಲ್ಲೇನು?" ದಂಡೆಯಲ್ಲಿ ನಿಂತು ಕೂಗಿ ಕೇಳಿದಳು.

ಹತ್ತಿರದಲ್ಲಿದ್ದ ಹೆಂಗಸು ಬೆನ್ನು ನೆಟ್ಟಗೆ ಮಾಡಿದಳು. ಐವತ್ತರ ಆಸುಪಾಸು, ಮೊಣಕಾಲವರೆಗೆ ಕೆಸರು. ಹೆಸರು ಗಣಪಿ. "ಮೇಲಿನಕೇರಿಲಿ ಮದುವೆ ಇತ್ತು ಮೇಡಮ್ಮ. ನಿಮಗೆ ಹ್ಯಾಂಗೆ ಗೊತ್ತಾಯ್ತು?"

"ಟವರು ಹೇಳಿತು."

ಗಣಪಿ ಗುಡ್ಡದ ಮೇಲಿನ ಟವರನ್ನೂ ಇವಳನ್ನೂ ನೋಡಿದಳು. "ನಾವು ಮದುವೆಗೆ ಹೋದ್ದೂ ಅದಕ್ಕೆ ತಿಳೀತದ್ಯಾ?" ಅಂದಳು. ಮಧ್ಯಾಹ್ನ ಮನೆಗೆ ಕರೆದು ಅನ್ನ ಬಡಿಸಿದಳು. ಬೆಳಚಿನ ಸುಕ್ಕ ಘಮಘಮಿಸುತ್ತಿತ್ತು. ವೈಜಯಂತಿ ಅದನ್ನು ತಿನ್ನುವವಳಲ್ಲ ಎಂದು ತಿಳಿದು ಮುರುಗಲ ಹಣ್ಣಿನ ಸಾರು ಮಾಡಿ ಕೊಟ್ಟಳು.

ಅದನ್ನು ಉಂಡು ಹೋದವಳೇ ವರದಿ ಬರೆದಳು: ಅಗೆಯುವುದರಿಂದ ಪ್ರತಿದಿನ ವಿದ್ಯುತ್ತು ಬೀಳುತ್ತಿದೆ, ಕಂಬಳಿ ಇರುವ ಜಾಗಕ್ಕೆ ರಕ್ಷಣೆ ಬೇಕು. ಬರೆದದ್ದು ಸುಳ್ಳಲ್ಲ. ಮಾರ್ಚಿನಲ್ಲಿ ಕಂಪನಿಯವರು ಅನುಮತಿ ತಂದು ಬಯಲಿನ ಸುತ್ತ ಕಂಬ ನೆಟ್ಟು ಹಸಿರು ಬಲೆಯ ಬೇಲಿ ಕಟ್ಟಿದರು. ಕಾಗದದ ಕೆಳಗೆ ವೈಜಯಂತಿಯ ಸಹಿ ಇತ್ತು.

ಕುರ್ವೆಯ ಒಳ್ಳೆಯ ಬೆಳಚೆಲ್ಲ ಆ ಬಯಲಿನಲ್ಲೇ ಇದ್ದದ್ದು. ಬೇಲಿ ಬಿದ್ದ ಮೇಲೆ ಹೆಂಗಸರು ದೋಣಿ ಹುಟ್ಟು ಹಾಕಿಕೊಂಡು ನದಿಯ ಮೇಲ್ಭಾಗದ ದಿಬ್ಬಕ್ಕೆ ಹೋಗಬೇಕಾಯಿತು. ಹೋಗಿ ಬರುವಷ್ಟರಲ್ಲಿ ಇಳಿತವೇ ಮುಗಿಯುತ್ತಿತ್ತು. ಗಣಪಿಯ ಬುಟ್ಟಿ ಅರ್ಧವೂ ತುಂಬುತ್ತಿರಲಿಲ್ಲ.

"ಆ ಹೆಂಗಸಿಗೆ ನಾ ಅನ್ನ ಹಾಕಿದ್ದೆ," ಎಂದಳು ಗಂಡನಿಗೆ ಬಡಿಸುತ್ತಾ.

ಜಟ್ಟಪ್ಪ ತಲೆ ಎತ್ತಲಿಲ್ಲ. ಅವನದು ಸಣ್ಣ ಯಂತ್ರದ ದೋಣಿ, ಅದರಲ್ಲಿ ವೈರ್ಲೆಸ್ ಇಲ್ಲ, ಮೊಬೈಲೊಂದೇ. "ಬೈಬೇಡ ಮಾರಾಯ್ತಿ. ಎರಡು ವರ್ಷದ ಹಿಂದೆ ಗಾಳಿ ಎದ್ದಾಗ ಅಳಿವೆ ಹ್ಯಾಂಗಿದೆ ಅಂತ ಕೇಳೂಕೆ ಫೋನೇ ಇರಲಿಲ್ಲ. ಕಣ್ಮುಚ್ಚಿ ನುಗ್ಗಿದ್ವಿ. ಟವರು ಬೇಕು."

"ಟವರು ಬೇಡ ಅಂತ ನಾ ಹೇಳೂದಲ್ಲ. ನೆಲ ಅಗಿಯದೆ ಬಿಟ್ರೆ ಅದು ಕೆಡ್ತದೆ. ನಮ್ಮ ಅತ್ತೆ ಹೇಳ್ತಿದ್ರು."

"ಅತ್ತೆಗೆ ಕರೆಂಟಿನ ವಿಷ್ಯ ಎಂತ ಗೊತ್ತು?"

ಗಣಪಿ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಏಪ್ರಿಲಿನಲ್ಲಿ ಟವರಿನ ವಿದ್ಯುತ್ತು ನಿಜಕ್ಕೂ ಹೆಚ್ಚಿತ್ತು.

ಮೇ ಹದಿನೈದರ ಹೊತ್ತಿಗೆ ಕಲ್ಮೇಶನ ಮುಖ ಸಣ್ಣದಾಗಿತ್ತು. ಈ ಸಲ ಪರದೆಯ ಮೇಲಿನ ವೋಲ್ಟೇಜಿನ ಗೆರೆ ಬಿದ್ದು ಏಳುತ್ತಿರಲಿಲ್ಲ, ಸುಮ್ಮನೆ ಇಳಿಯುತ್ತಲೇ ಇತ್ತು. ತುಂಬಿದಾಗ ಐವತ್ತನಾಲ್ಕು ವೋಲ್ಟು ತೋರಿಸಬೇಕಾದ ಬ್ಯಾಟರಿ ನಲವತ್ತೇಳಕ್ಕೆ ಬಂದಿತ್ತು. ನಲವತ್ತನಾಲ್ಕಕ್ಕೆ ಮುಟ್ಟಿದರೆ, ಬ್ಯಾಟರಿ ಕೆಡದಿರಲೆಂದು ಟವರು ತಾನಾಗಿಯೇ ಆರಿಹೋಗುತ್ತದೆ. ವೈಜಯಂತಿ ತಂತಿ, ಗಂಟು, ಜೋಡಣೆ ಎಲ್ಲ ಪರೀಕ್ಷೆ ಮಾಡಿಸಿದಳು. ಎಲ್ಲ ಸರಿ ಇತ್ತು.

ಇಪ್ಪತ್ತೊಂದನೇ ತಾರೀಕು ಹವಾಮಾನದವರು ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಎದ್ದಿದೆ, ನಾಲ್ಕು ದಿನದಲ್ಲಿ ಕರಾವಳಿಗೆ ತಾಗಬಹುದು ಎಂದರು. ಜನರೇಟರು ವಾಪಸು ತರಲು ಎಂಟು ದಿನ ಬೇಕೆಂದಿತು ಕಂಪನಿ.

"ಮೇಡಂ," ಎಂದ ಕಲ್ಮೇಶ. ಅವನು ಇನ್ನೂರ ನಲವತ್ತು ಕಂಬಳಿಗಳ ಅಂಕಿಗಳನ್ನು ಒಂದೊಂದಾಗಿ ನೋಡುತ್ತಾ ಕೂತಿದ್ದ. "ಎಲ್ಲಾ ಸತ್ತಾವ್ರಿ. ಆದ್ರ ಈ ಆರು ಸತ್ತಿಲ್ಲ. ಹೋದ ವರ್ಷದಂಗ ಅದಾವ."

"ಯಾವ ಆರು?"

"ತೆಂಕಣ ಮೂಲ್ಯಾಗಿನವು."

ವೈಜಯಂತಿ ನಕ್ಷೆ ಹರಡಿದಳು. ಬೇಲಿ ಕಟ್ಟಿದವರ ಫೋಟೋಗಳನ್ನು ಪಕ್ಕದಲ್ಲಿಟ್ಟಳು. ತೆಂಕಣ ಮೂಲೆಯಲ್ಲಿ ಕಂಬ ನೆಡುವವರು ಕಲ್ಲು ಸಿಕ್ಕಿದ್ದಕ್ಕೆ ಬೇಲಿಯನ್ನು ಹತ್ತು ಮಾರು ಒಳಗೆ ಸರಿಸಿದ್ದರು. ಆರು ಕಂಬಳಿ ಬೇಲಿಯ ಹೊರಗೆ ಉಳಿದಿದ್ದವು. ಆ ಚೂರು ಜಾಗದಲ್ಲಿ ಹೆಂಗಸರು ಇನ್ನೂ ಅಗೆಯುತ್ತಿದ್ದರು.

ಅಗೆತದಿಂದ ಎರಡು ತಾಸು ವಿದ್ಯುತ್ತು ಬೀಳುವುದನ್ನು ಅವಳು ನೋಡಿದ್ದಳು. ಅದೇ ಅಗೆತ ಮೇಲೆ ಬಿದ್ದ ಎಲೆ, ಹುಲ್ಲು, ಮೀನಿನ ಚೂರನ್ನು ಕೆಳಕ್ಕೆ ದಬ್ಬುತ್ತದೆ ಎಂದು ಯೋಚಿಸಿರಲಿಲ್ಲ. ಬೇಲಿಯೊಳಗಿನ ಸೂಕ್ಷ್ಮಾಣುಗಳು ಸುತ್ತ ಇದ್ದದ್ದನ್ನು ಏಪ್ರಿಲಿನಲ್ಲಿ ಗಬಗಬನೆ ತಿಂದು ಮುಗಿಸಿದ್ದವು. ಈಗ ಉಪವಾಸ.

ಇಪ್ಪತ್ತೆರಡರ ಬೆಳಗ್ಗೆ ಗಣಪಿಯ ಅಂಗಳದಲ್ಲಿ ನಿಂತಾಗ ಅವಳ ಜೊತೆಗಿದ್ದದ್ದು ಎರಡು ಸಣ್ಣ ಬ್ಯಾಟರಿ. ಅವು ಆರು ತಾಸಿಗೆ ಸಾಕು.

ಗಣಪಿ ಬಾಗಿಲಲ್ಲಿ ನಿಂತಳು, ಒಳಗೆ ಕರೆಯಲಿಲ್ಲ.

"ಅಕ್ಕಾ, ನನ್ನಿಂದ ತಪ್ಪಾಗೇತಿ," ಎಂದಳು ವೈಜಯಂತಿ. "ನೀವು ಅಗೆದರನ ಕೆಸರಿಗೆ ಊಟ. ನಾ ಅದನ್ನ ತಿಳೀಲಿಲ್ಲ. ಬೇಲಿ ತೆಗೀತೀನಿ. ಎಲ್ಲಾರೂ ಬಂದು ಅಗೀರಿ."

"ಮೂರು ತಿಂಗಳು ನಮ್ಮ ಹೊಟ್ಟೆ ಮೇಲೆ ಬೇಲಿ ಹಾಕಿದ್ರಿ. ಈಗ ಟವರಿಗೆ ಹಸಿವಾಯ್ತು ಅಂತ ಬಂದ್ರಿ. ಅಲ್ದಾ?"

"ಹೌದು."

ಇಷ್ಟು ನೇರವಾದ ಉತ್ತರವನ್ನು ಗಣಪಿ ನಿರೀಕ್ಷಿಸಿರಲಿಲ್ಲ. ನದಿಯ ಕಡೆ ನೋಡಿದಳು. ಜಟ್ಟಪ್ಪ ಮೂರು ದಿನದ ಹಿಂದೆ ಸಮುದ್ರಕ್ಕೆ ಹೋಗಿದ್ದ. ಕುರ್ವೆಯ ಎಂಟು ದೋಣಿಗಳು ಸಿಗ್ನಲಿನ ಆಚೆ, ಎಲ್ಲೋ ದೂರದಲ್ಲಿದ್ದವು. ತಿರುಗಿ ಬರುವಾಗ ಮಾತ್ರ ಅವರ ಫೋನಿಗೆ ಟವರು ಸಿಗುತ್ತದೆ. ಬಿರುಗಾಳಿಗೆ ಅಳಿವೆಯಲ್ಲಿ ಅಲೆ ಮುರಿಯತೊಡಗಿದರೆ ದೋಣಿ ಒಳಗೆ ಬರಬಾರದು, ಬಂದರೆ ಮಗುಚುತ್ತದೆ. ಅಲೆಯ ಬೆನ್ನ ಕಡೆಯಿಂದ ಬರುವವರಿಗೆ ಅದು ಕಾಣುವುದಿಲ್ಲ. ದಂಡೆಯವರು ಹೇಳಬೇಕು.

"ಇಳಿತ ಹತ್ತು ಗಂಟೆಗೆ ಶುರು," ಎಂದಳು. "ಕತ್ತಿ ತರ್ತೆ, ಬೇಲಿ ನಾವೇ ಕೊಯ್ತೇವೆ. ನಿಮ್ಮ ಬೇಲಿ ತೆಗೆಯೂ ಜನ ಬರೂ ತನಕ ನೀರು ಕಾಯೂದಿಲ್ಲ."

ಆ ದಿನ ಕುರ್ವೆಯ ಹೆಂಗಸರೆಲ್ಲ ಇಳಿದರು, ಮನೆಯಲ್ಲಿ ಉಳಿದಿದ್ದ ಗಂಡಸರೂ ನಾಚಿಕೆ ಬಿಟ್ಟು ಇಳಿದರು. ಬೇಲಿಯೊಳಗೆ ಕೆಸರಿನ ಮೇಲೆ ಹಲಗೆಯಂಥ ಪದರ ಕಟ್ಟಿತ್ತು. ಒಡೆದಾಗ ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ಇಕ್ಕಟ್ಟಿನಲ್ಲಿ ಬೆಳೆದ ಬೆಳಚು ಹಿಡಿಹಿಡಿಯಾಗಿ ಸತ್ತು ಬಾಯಿ ಬಿಟ್ಟಿತ್ತು. ಗಣಪಿ ಅದನ್ನೂ, ದಂಡೆಯಲ್ಲಿ ಉದುರಿದ ಕಾಂಡ್ಲಾ ಮರದ ಎಲೆಯನ್ನೂ ಬುಟ್ಟಿಯಲ್ಲಿ ತಂದು ಕೆಸರಿಗೆ ತುಳಿಸಿದಳು.

ಹನ್ನೆರಡು ಗಂಟೆಗೆ ಕಲ್ಮೇಶನ ಫೋನು ಬಂತು. "ಮೇಡಂ, ನಿಲ್ಲಸ್ರಿ! ನಲವತ್ತಾರಿತ್ತು, ನಲವತ್ತೈದಾತು. ಹಿಂಗಾದ್ರ ಗಾಳಿ ಬರೂಕಿಂತ ಮೊದಲ ಟವರು ಆರತೈತಿ!"

ಗಾಳಿ ಒಳಹೋದ ಹೊತ್ತಿಗೆ ಬೀಳುವುದು ಸಹಜ ಎಂದು ವೈಜಯಂತಿಗೆ ಗೊತ್ತಿತ್ತು. ಎಷ್ಟು ದಿನಕ್ಕೆ ಏಳುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಯಾರೂ ಇದನ್ನು ಅಳೆದವರಿರಲಿಲ್ಲ. ತಂದಿದ್ದ ಎರಡು ಬ್ಯಾಟರಿ ಜೋಡಿಸಿದಳು. ಚಿತ್ರ, ವಿಡಿಯೋ ಎಲ್ಲ ಬಂದ್ ಮಾಡಿ ಬರೀ ಮಾತಿಗಷ್ಟೇ ಟವರು ನಡೆಸಲು ಕಲ್ಮೇಶನಿಗೆ ಹೇಳಿದಳು.

"ಮತ್ತ ಅಗಿಯೋದು?"

"ಅಗೀತಾರ. ನಾಳೇನೂ ಅಗೀತಾರ."

ಇಪ್ಪತ್ತಮೂರರಂದು ಗೆರೆ ನಲವತ್ತೈದರಲ್ಲೇ ಮಲಗಿತ್ತು. ಅಗೆತದ ಹೊತ್ತಿನಲ್ಲಿ ನಲವತ್ತನಾಲ್ಕೂವರೆಗೆ ಇಳಿದಾಗ ವೈಜಯಂತಿ ಮೀಟರಿನ ಎದುರಿನಿಂದ ಎದ್ದು ಹೊರಗೆ ಹೋದಳು. ನೋಡಲಾಗಲಿಲ್ಲ.

ಇಪ್ಪತ್ತನಾಲ್ಕರ ಬೆಳಗ್ಗೆ ಏಳಕ್ಕೆ ಕಲ್ಮೇಶ ಮಾತೇ ಆಡದೆ ಒಂದು ಚಿತ್ರ ಕಳಿಸಲು ನೋಡಿದ. ಚಿತ್ರ ಬಂದ್ ಆಗಿದ್ದು ನೆನಪಾಗಿ ಫೋನು ಮಾಡಿದ. "ನಲವತ್ತಾರೂವರಿ ರೀ. ರಾತ್ರಿಯೆಲ್ಲಾ ಏರೇತಿ." ಅಂದೂ ಅಗೆದರು. ಸಂಜೆಗೆ ನಲವತ್ತೆಂಟಾಗಿತ್ತು. ಆಕಾಶ ಕಪ್ಪಾಗಿತ್ತು.

ಇಪ್ಪತ್ತೈದರ ಬೆಳಗ್ಗೆ ಗಾಳಿ ಎದ್ದಿತು. ಕುರ್ವೆಯ ಹೆಂಗಸರು ಟವರಿನ ಗುಡ್ಡದ ಮೇಲೆ, ಬ್ಯಾಟರಿ ಕೋಣೆಯ ಗೋಡೆಗೆ ಒರಗಿ ನಿಂತರು. ಅಲ್ಲಿಂದ ಅಳಿವೆ ಕಾಣುತ್ತದೆ. ದಡದಿಂದ ದಡಕ್ಕೆ ಬಿಳಿ ನೊರೆ. ನಡುವೆ ದಾರಿಯೇ ಇಲ್ಲ.

ಗಣಪಿ ಜಟ್ಟಪ್ಪನ ನಂಬರು ಒತ್ತುತ್ತಲೇ ಇದ್ದಳು. ಇಪ್ಪತ್ತು ಸಲ, ಮೂವತ್ತು ಸಲ. ಕೋಣೆಯೊಳಗೆ ವೈಜಯಂತಿ ಅಂಕಿ ಓದುತ್ತಿದ್ದಳು. ಅಲೆಯ ಹೊಡೆತಕ್ಕೆ ದಂಡೆಯ ಕೇಬಲ್ ಒಂದು ಕಿತ್ತುಹೋಗಿ ಅರ್ಧ ಕಂಬಳಿಗಳು ಒಮ್ಮೆಲೇ ಇಲ್ಲವಾದವು. ನಲವತ್ತೇಳು. ನಲವತ್ತಾರೂವರೆ.

ಹನ್ನೊಂದೂಕಾಲಿಗೆ ಜಟ್ಟಪ್ಪನ ಫೋನು ರಿಂಗಾಯಿತು.

"ಹಲೋ! ಗಣಪಿ? ಹತ್ತಿರ ಬಂದ್ವಿ, ಇನ್ನು ಅರ್ಧ ತಾಸು..."

"ಬರಬೇಡಿ!" ಗಣಪಿ ಎರಡೂ ಕೈಯಲ್ಲಿ ಫೋನು ಹಿಡಿದು ಕೂಗಿದಳು. "ಅಳಿವೆ ಮುಚ್ಚಿದೆ! ಪೂರಾ ಮುಚ್ಚಿದೆ! ತೆಂಕಕ್ಕೆ ಹೋಗಿ, ಬಂದರಿಗೆ ಹೋಗಿ!"

"ಎಂತ? ಕೇಳೂದಿಲ್ಲ..."

"ತೆಂಕಕ್ಕೆ! ತೆಂಕಕ್ಕೆ ಹೋಗಿ!"

"ಆಯ್ತು ಆಯ್ತು. ಎಲ್ಲರಿಗೂ ಹೇಳ್ತೆ."

ಅವಳ ಪಕ್ಕದಲ್ಲಿ ಬೇರೆ ಫೋನುಗಳೂ ಹತ್ತಿದವು. ಎಲ್ಲರೂ ಒಂದೇ ಮಾತು ಕೂಗುತ್ತಿದ್ದರು. ಮಳೆಯ ತೆರೆಯ ಹಿಂದೆ ಚುಕ್ಕೆಗಳಂತೆ ಕಂಡ ದೋಣಿಗಳು ಒಂದೊಂದಾಗಿ ಮೂತಿ ತಿರುಗಿಸಿದವು. ಏಳು ಎಣಿಸಿದರು. ಎಂಟನೆಯದು ತಿರುಗಲಿಲ್ಲ. ಅದು ನೇರ ಬಂತು, ನೊರೆಯಲ್ಲಿ ಒಮ್ಮೆ ಎದ್ದು ಕಂಡಿತು, ಆಮೇಲೆ ಕಾಣಲಿಲ್ಲ.

ಟವರು ಮಧ್ಯಾಹ್ನ ಎರಡೂ ನಲವತ್ತರ ತನಕ ನಡೆಯಿತು. ಆಮೇಲೆ ನಲವತ್ತನಾಲ್ಕು ಮುಟ್ಟಿ ಆರಿತು. ಅಷ್ಟರಲ್ಲಿ ತೆಂಕಣ ಬಂದರಿನಿಂದ ಏಳು ದೋಣಿಯವರೂ ಫೋನು ಮಾಡಿದ್ದರು. ಎಂಟನೆಯ ದೋಣಿಯ ಫೋನುಗಳು ಮೊದಲೇ ನೀರಿಗೆ ನೆನೆದು ಕೆಟ್ಟಿದ್ದವಂತೆ. ಅದರ ನಾಲ್ವರು ಹಲಗೆ ಹಿಡಿದು ಮರಳುದಿಣ್ಣೆಗೆ ಬಂದು ಬಿದ್ದಿದ್ದರು. ಒಬ್ಬನ ತೊಡೆಯ ಮೂಳೆ ಮುರಿದಿತ್ತು. ದೋಣಿ ಚೂರು ಚೂರಾಗಿತ್ತು.

ಒಂದು ವಾರದ ಮೇಲೆ ವೈಜಯಂತಿ ಕಂಪನಿಯ ಕಾಗದ ಹಿಡಿದು ಬಂದಳು. ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡು, ಯಾವ ದಿನ ಎಲ್ಲಿ ಅಗೆಯಬೇಕೆಂದು ಹುಬ್ಬಳ್ಳಿಯಿಂದ ವೇಳಾಪಟ್ಟಿ ಕಳಿಸುವುದಾಗಿ ಅದರಲ್ಲಿತ್ತು.

ಗಣಪಿ ಓದಿಸಿ ಕೇಳಿದಳು. "ಕೆಲಸ ಮಾಡ್ತೇವೆ ನಾವು. ಆದ್ರೆ ಎಲ್ಲಿ ಅಗಿಯೂದು ಅಂತ ನಾವು ಹೇಳೂದು, ಅವರು ಬರಕೊಳ್ಳೂದು. ಒಂದು ಕಡೆ ಅಗಿದ್ರೆ ಅಲ್ಲಿಗೆ ಮತ್ತೆ ಹದಿನೈದು ದಿನ ಹೋಗೂದಿಲ್ಲ ನಾವು, ಮರಿ ಬೆಳೀಬೇಕು. ಅದು ನಿಮ್ಮ ಪಟ್ಟಿಲಿ ಇದ್ಯಾ?"

"ಇಲ್ಲ." ವೈಜಯಂತಿ ಕಾಗದ ಮಡಿಸಿದಳು. "ಹದಿನೈದು ದಿನ ಯಾಕ? ಹತ್ತು ಯಾಕಲ್ಲ? ಮರಿ ಆದದ್ದು ನಿಮಗ ಹೆಂಗ ತಿಳೀತೈತಿ?"

"ಹೇಳೂಕೆ ಬರೂದಿಲ್ಲ ಅದು. ಇಳೀರಿ."

ನೀರು ಸರಿಯುತ್ತಿತ್ತು. ವೈಜಯಂತಿ ಚಪ್ಪಲಿ ಬಿಟ್ಟಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಮೊದಲ ಹೆಜ್ಜೆಗೇ ಕಾಲು ಮೊಣಕಾಲಿನವರೆಗೆ ಹೋಯಿತು. ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ. ಗಣಪಿಯ ಭುಜ ಹಿಡಿದುಕೊಂಡು ಇನ್ನೊಂದು ಹೆಜ್ಜೆ ಇಟ್ಟಳು. ಹೆಬ್ಬೆರಳಿನ ಕೆಳಗೆ ಗಟ್ಟಿಯಾದದ್ದೇನೋ ತಾಗಿತು, ತಾಗಿದ್ದೇ ಚೂರು ಜಾರಿ ಒಳಕ್ಕೆ ಹೋಯಿತು.

"ಅಕ್ಕಾ, ಕಾಲಾಗ ಏನೋ ಐತಿ. ಅಲುಗಾಡಾಕತ್ತೇತಿ."

"ಸಣ್ಣದಾ ದೊಡ್ಡದಾ?"

"ತಿಳೀವಲ್ದು."

"ಹಾಂಗಾದ್ರೆ ಕೈ ಹಾಕಿ ನೋಡಿ," ಎಂದಳು ಗಣಪಿ.

ವೈಜಯಂತಿ ಬಗ್ಗಿದಳು.